ಮಗು ಬೇರೆ ಹೆಸರು ಹೇಳಿದಾಗ: ಮನೆಯವರಿಗೆ, ಶಾಲೆಯವರಿಗೆ, ಅಕ್ಕಪಕ್ಕದವರಿಗೆ ಸೂಚನೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನಿಂದ ನಮ್ಮ ಶನಿವಾರದ ಮಕ್ಕಳ ಓದುಕೂಟಕ್ಕೆ ಬರುವ ಅಪ್ಪ ಅಮ್ಮ, ಅಜ್ಜಿ ತಾತ, ಟೀಚರು, ಟ್ಯೂಷನ್ ಮೇಷ್ಟ್ರು, ಸ್ಕೂಲ್ ವ್ಯಾನಿನವರು ಎಲ್ಲರಿಗೂ ಇದು. ಬರೆಯುತ್ತಿರುವವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಡಾಕ್ಟರಲ್ಲ, ವಕೀಲಳೂ ಅಲ್ಲ. ಒಬ್ಬ ತಾಯಿ ಬಂದು, "ಮಗ ತನ್ನನ್ನ ಹುಡುಗಿ ಅಂತಾನೆ, ಏನ್ಮಾಡ್ಲಿ ಮೇಡಂ?" ಅಂದರು. ಇನ್ನೊಬ್ಬ ತಂದೆ, "ಮಗಳು ಬಾಯ್ಸ್ ಯೂನಿಫಾರ್ಮೇ ಬೇಕು ಅಂತಾಳೆ, ಕೊಡಿಸಿದ್ರೆ ತಪ್ಪಾ?" ಎಂದು ಕೇಳಿದರು. ಮೂರನೆಯವರು ಕೇಳಲೂ ಆಗದೆ ಪುಸ್ತಕದ ಕಪಾಟಿನ ಮುಂದೆ ನಿಂತು ಅತ್ತು ಹೋದರು. ಹೀಗಾಗಿ ಬರೆದಿಟ್ಟಿದ್ದೇನೆ.

ಪ್ರತಿ ಸೂಚನೆಯನ್ನೂ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡಿದ್ದೇನೆ: ಇವತ್ತು ನಾವು ಮಾಡಿದ್ದನ್ನು ಮಗು ನಾಳೆ ಬೇಡ ಅಂದರೆ ಬಿಡಿಸಿಕೊಳ್ಳಲು ಆಗುತ್ತದೆಯೇ? ಆಗುವುದಾದರೆ ಹೆದರಬೇಡಿ. ಆಗದಿದ್ದರೆ ಆತುರಪಡಬೇಡಿ.

ಇನ್ನು ಮೊದಲ ನಿಷೇಧ. ಈ ಹಾಳೆಯ ಫೋಟೊ ತೆಗೆದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುವವರು ಹಾಕಿ. ಆದರೆ ಜೊತೆಗೆ "ಸಿ ಬ್ಲಾಕಿನವರು ಓದಿದರೆ ಒಳ್ಳೇದು" ಅನ್ನುವಂಥ ಒಂದು ಸಾಲನ್ನೂ ಸೇರಿಸಬಾರದು. ಕೂದಲು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಇನ್ನೂರು ಜನ ಓದಿದ ಮೆಸೇಜನ್ನು ಡಿಲೀಟ್ ಒತ್ತಿದರೂ ವಾಪಸ್ ತರಲಾಗದು.

ಯಾವುದು ಇದು, ಯಾವುದು ಅಲ್ಲ

ಮಾಡಬಾರದ್ದು: ಗೊಂಬೆ ಆಡುವ ಹುಡುಗನಿಗೆ, ಕ್ರಾಪ್ ಹೊಡೆಸಿಕೊಂಡು ಗಲ್ಲಿ ಕ್ರಿಕೆಟ್ ಆಡುವ ಹುಡುಗಿಗೆ ಹಣೆಪಟ್ಟಿ ಹಚ್ಚಬಾರದು. ಎರಡು ವರ್ಷದ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಬೆನ್ನ ಹಿಂದೆ ಕನ್ನಡಿ ಇಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ನಮ್ಮಲ್ಲಿ ಎಷ್ಟು ಮನೆಯ ಆಲ್ಬಮ್ಮಿನಲ್ಲಿಲ್ಲ! ಯಕ್ಷಗಾನದಲ್ಲಿ, ಕಂಪನಿ ನಾಟಕದಲ್ಲಿ ರಾತ್ರಿಯೆಲ್ಲ ಹೆಣ್ಣುಪಾತ್ರ ಮಾಡಿ, ಬೆಳಗ್ಗೆ ಬಣ್ಣ ತೊಳೆದು ಪಂಚೆ ಉಟ್ಟು ಮನೆಗೆ ಹೋದವರು ನೂರಾರು ಜನ. ಆಟ ಬೇರೆ, ಇಷ್ಟ ಬೇರೆ, ತಾನು ಯಾರು ಅನ್ನುವುದು ಬೇರೆ.

ಮಾಡಬೇಕಾದ್ದು: ಮಗು ಹೇಳುತ್ತಿರುವುದು "ನನಗೆ ಲಂಗ ಇಷ್ಟ" ಎಂದೋ "ನಾನು ಹುಡುಗಿ" ಎಂದೋ, ಕಿವಿಗೊಟ್ಟು ಕೇಳಿ. ಎರಡನೆಯದು ಒಂದು ದಿನದ ಮಾತೋ ತಿಂಗಳುಗಟ್ಟಲೆ ಬರುತ್ತಿರುವ ಮಾತೋ ಗಮನಿಸಿ. ಹಬ್ಬದ ಹೊಸ ಬಟ್ಟೆ ತಂದ ದಿನ ಮಗು ಮುಖ ಬಾಡಿಸುತ್ತದೆಯೇ? ಗ್ರೂಪ್ ಫೋಟೊ ಎಂದರೆ ಮಾಯವಾಗುತ್ತದೆಯೇ? ಲೈಟ್ ಆರಿಸಿ ಸ್ನಾನ ಮಾಡುತ್ತದೆಯೇ? ಇವುಗಳಲ್ಲಿ ಯಾವುದೊಂದೂ ತೀರ್ಪಲ್ಲ, ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ವಿಷಯಗಳು, ಅಷ್ಟೆ.

ಡಾಕ್ಟರುಗಳು ಸೋಶಿಯಲ್ ಟ್ರಾನ್ಸಿಷನ್ ಎಂದು ಕರೆಯುವುದು ಇಷ್ಟನ್ನು: ಹೆಸರು, ಕೂದಲು, ಬಟ್ಟೆ, ಕರೆಯುವ ರೀತಿ, ಇವುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬದಲಿಸಿಕೊಂಡು ಬದುಕುವುದು. ಇದರಲ್ಲಿ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಆಪರೇಷನ್ ಇಲ್ಲ. ಹರೆಯಕ್ಕೆ ಕಾಲಿಡದ ಮಗುವಿಗೆ ಔಷಧಿಯ ಪ್ರಶ್ನೆಯೇ ಏಳುವುದಿಲ್ಲ. ಆ ಗಾಬರಿಯನ್ನು ಇಲ್ಲೇ ಬಿಟ್ಟು ಮುಂದೆ ಓದಿ.

ಹೇಳಿದ ದಿನ

ನಗಬೇಡಿ. "ಹುಚ್ಚು ಹಿಡಿದಿದೆಯಾ" ಅನ್ನಬೇಡಿ. ದೇವರ ಮನೆಗೆ ಕರೆದೊಯ್ದು ಆಣೆ ಹಾಕಿಸಬೇಡಿ. ಫೋನ್ ಕಿತ್ತುಕೊಂಡು "ಯಾವ ವಿಡಿಯೋ ನೋಡಿ ಕಲಿತೆ" ಎಂದು ವಿಚಾರಣೆ ಶುರುಮಾಡಬೇಡಿ.

ಇದರ ಎದುರು ಬದಿಯ ತಪ್ಪು ಈಚೆಗೆ ಕಾಣುತ್ತಿದೆ, ಅದಕ್ಕೂ ಅಷ್ಟೇ ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಕೇಕ್ ತರಿಸಬೇಡಿ. ಇನ್‌ಸ್ಟಾಗ್ರಾಂನಲ್ಲಿ "ನಮ್ಮ ಮಗುವಿನ ಧೈರ್ಯ" ಎಂದು ಹಾಕಬೇಡಿ. ಓದಿಕೊಂಡ ಅಪ್ಪ ಅಮ್ಮಂದಿರಿಗೆ ತಾವು ಹಿಂದುಳಿದವರಲ್ಲ ಎಂದು ತೋರಿಸಿಕೊಳ್ಳುವ ಅವಸರ ಇರುತ್ತದೆ. ಆ ಅವಸರ ಅವರದು, ಮಗುವಿನದಲ್ಲ. ಎಂಟು ವರ್ಷದ ಮಗು ಮಲಗುವ ಹೊತ್ತಿಗೆ ಕಿವಿಯಲ್ಲಿ ಹೇಳಿದ್ದನ್ನು ಬೆಳಗ್ಗೆ ಊರಿಗೆಲ್ಲ ಸಾರಿಬಿಟ್ಟರೆ, ಆಮೇಲೆ ಮನಸ್ಸು ಬದಲಾದರೂ ಆ ಮಗು ಬಾಯಿ ಬಿಡುವುದು ಹೇಗೆ?

ಹೇಳಬೇಕಾದ ಮಾತು ಎರಡೇ. "ಹೇಳಿದ್ದು ಒಳ್ಳೇದಾಯ್ತು, ಕಂದ." ಎರಡನೆಯದು: "ನಿನ್ನನ್ನ ಹೀಗೆ ಕರೀಬೇಕಾದ್ದು ಯಾರ ಮುಂದೆ, ಯಾರ ಮುಂದೆ ಬೇಡ?" ಈ ಪ್ರಶ್ನೆಯ ಉತ್ತರವನ್ನು ನೆನಪಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಮತ್ತೆ ಕೇಳಿ. ಪಟ್ಟಿ ಬದಲಾಗುತ್ತಿರುತ್ತದೆ. ಅಜ್ಜಿ ಸೇರುತ್ತಾರೆ, ಸೋದರಮಾವ ಹೊರಬೀಳುತ್ತಾರೆ.

ಕರೆಯುವುದು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡದ ಮೇಷ್ಟ್ರಿಗೆ ಮಾತಾಡಲು ಬಿಟ್ಟರೆ ಇದೇ ಗತಿ.

ನಮ್ಮ ಭಾಷೆಯಲ್ಲಿ "ನಾನು ಬಂದೆ" ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬಿ.ಟಿ.ಎಂ. ಲೇಔಟಿನ ಹಿಂದಿ ಮನೆಯ ಮಗುವಿಗೆ ಈ ಅನುಕೂಲ ಇಲ್ಲ. "ಆಯಾ" ಎನ್ನಬೇಕೋ "ಆಯೀ" ಎನ್ನಬೇಕೋ ಮೊದಲ ವಾಕ್ಯದಲ್ಲೇ ತೀರ್ಮಾನ ಆಗಬೇಕು. ಕನ್ನಡದ ಮಗು ತನ್ನ ಬಗ್ಗೆ ತಾನು ಹತ್ತು ವರ್ಷ ಮಾತಾಡಿಕೊಂಡಿದ್ದರೂ ಗುಟ್ಟು ಬಿಡದೆ ಇರಬಹುದು. ತೊಡಕು ಇರುವುದು ನಮ್ಮ ಬಾಯಲ್ಲಿ: ಬಂದ, ಬಂದಳು; ಬಾರೋ, ಬಾರೇ. ಬಾಗಿಲು ತೆಗೆದ ಕೂಡಲೇ ಆ ಓಕಾರ, ಏಕಾರ ಬಿದ್ದುಬಿಡುತ್ತದೆ.

ಮಾಡಬೇಕಾದ್ದು: ಮಗು ಹೇಗೆ ಕರೆಯಬೇಕೆಂದು ಕೇಳಿಕೊಂಡಿದೆಯೋ, ಹೇಳಿದ ಜಾಗದಲ್ಲಿ, ಹೇಳಿದ ಜನರ ಮುಂದೆ ಹಾಗೇ ಕರೆಯಿರಿ. ಅದಕ್ಕೆ ನಾಲಿಗೆ ಹೊರಳದ ದಿನ, ನಡುವೆ ನಿಲ್ಲಲು ನಮ್ಮಲ್ಲಿ ಜಾಗ ಬೇಕಾದಷ್ಟಿದೆ. ಕಂದ, ಮರಿ, ಪುಟ್ಟ, ಚಿನ್ನ, ಬಂಗಾರ. ಮಗಳನ್ನೇ "ಬಾರಪ್ಪಾ", "ಏನೋ ಮರಿ" ಎಂದು ಮುದ್ದು ಮಾಡುವ ಅಪ್ಪಂದಿರು ನಮ್ಮ ರಸ್ತೆಯಲ್ಲೇ ನಾಲ್ಕು ಜನ ಇದ್ದಾರೆ. ಅವರಲ್ಲಿ ಯಾರಿಗೂ ವ್ಯಾಕರಣ ಕೆಟ್ಟಿತು ಅನ್ನಿಸಿಲ್ಲ. ಟೀಚರುಗಳು ಇಡೀ ತರಗತಿಗೆ "ಬನ್ನಿ, ಕೂತ್ಕೊಳ್ಳಿ, ಇವರು ಚೆನ್ನಾಗಿ ಬರೆದಿದ್ದಾರೆ" ಎಂದು ಬಹುವಚನ ಹಿಡಿದರೆ ಒಂದು ಮಗುವಿನ ಕಷ್ಟ ತಪ್ಪುತ್ತದೆ, ಉಳಿದ ಮೂವತ್ತೊಂಬತ್ತಕ್ಕೆ ಮರ್ಯಾದೆಯೂ ಸಿಗುತ್ತದೆ.

ಮಾಡಬಾರದ್ದು: "ಅದು ಬಂತು" ಅನ್ನಬಾರದು. ತೊಟ್ಟಿಲ ಕೂಸಿಗೆ ‘ಅದು’ ಎಂದರೆ ಮುದ್ದು. ಹನ್ನೆರಡು ವರ್ಷದ ಮಗುವಿಗೆ ನಗುತ್ತಾ ‘ಅದು’ ಎಂದರೆ ಅದು ಬೈಗುಳ, ಸಿಗ್ನಲ್ಲಿನಲ್ಲಿ ನಿಂತವರನ್ನು ನೋಡಿ ನಾವು ಆಡಿಕೊಂಡ ಅದೇ ಬೈಗುಳ. ಮಗುವಿಗೆ ಅದು ಗೊತ್ತಿರುತ್ತದೆ.

ತಪ್ಪಿ ಹಳೆಯದು ಬಾಯಿಗೆ ಬಂದರೆ ತಿದ್ದಿಕೊಂಡು ಮಾತು ಮುಂದುವರಿಸಿ. ಹತ್ತು ಸಲ ಸಾರಿ ಕೇಳಿ, ಕಣ್ಣು ಒದ್ದೆ ಮಾಡಿಕೊಂಡು, ಕೊನೆಗೆ ಮಗುವೇ ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಆಗಬಾರದು.

ಮನೆ ಹೆಸರು

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದ ಹೆಸರೊಂದು, ಶಾಲೆಯಲ್ಲಿ ಇನ್ನೊಂದು, ಅಜ್ಜಿ ಕರೆಯುವುದು ಮತ್ತೊಂದು. ನಮ್ಮಲ್ಲಿ ಒಂದೇ ಹೆಸರಿನ ಮನುಷ್ಯರು ಅಪರೂಪ. ನಲವತ್ತು ವರ್ಷದ ಇಂಜಿನಿಯರನ್ನು ಮನೆಯಲ್ಲಿ ಈಗಲೂ ‘ಗುಂಡ’ ಅನ್ನುತ್ತಾರೆ, ಪಾಸ್‌ಪೋರ್ಟ್ ಕಚೇರಿ ಅದನ್ನು ಯಾವತ್ತೂ ಕೇಳಿಲ್ಲ. ಮಗು ಬೇರೆ ಹೆಸರು ಹೇಳಿದರೆ ಅದನ್ನು ಮೊದಲು ಮನೆ ಹೆಸರಾಗಿ ಇಟ್ಟುಕೊಳ್ಳಿ. ಆರು ತಿಂಗಳು, ಒಂದು ವರ್ಷ ಬಳಸಿ ನೋಡಲಿ. ಇನ್ನೊಂದು ಹೆಸರು ಬೇಕೆಂದರೆ ಬದಲಿಸಲಿ. ಬಿಡಬೇಕೆಂದರೆ ಬಿಡಲಿ. ಯಾವ ಗೆಜೆಟ್ಟೂ ಬೇಡ, ಯಾವ ಅಫಿಡವಿಟ್ಟೂ ಬೇಡ.

ಹೆಸರನ್ನು ನೀವು ಆರಿಸಿಕೊಡಬೇಡಿ. ಜ್ಯೋತಿಷಿಯ ಹತ್ತಿರ ಅಕ್ಷರ ಕೇಳಿಕೊಂಡು ಬಂದವರೊಬ್ಬರು ನನಗೆ ಗೊತ್ತು, ಉದ್ದೇಶ ಒಳ್ಳೆಯದೇ ಇತ್ತು. ಆ ಮಗು ಮೂರು ದಿನ ಮಾತಾಡಲಿಲ್ಲ.

ಕೂದಲು, ಬಟ್ಟೆ

ಕೂದಲು ಬೆಳೆಸಲಿ, ಕತ್ತರಿಸಲಿ. ಒರೆಗಲ್ಲಿಗೆ ಹಚ್ಚಿ ನೋಡಿದರೆ ಇದಕ್ಕಿಂತ ಸುಲಭದ ಸಂಗತಿ ಇಲ್ಲ. ಆದರೆ ಹಿಡಿದು ಕೂರಿಸಿ ಬೋಳಿಸುವುದು ಕೂದಲಿನ ವಿಷಯವೇ ಅಲ್ಲ, ಅದು ಹಿಂಸೆ. ಹರಕೆಯ ನೆಪದಲ್ಲಿ ಮುಡಿ ಕೊಡಿಸುವುದೂ ಅಷ್ಟೇ. ದೇವರು ಕೇಳಿದ್ದನ್ನು ನೀವು ಕೇಳಿಸಿಕೊಂಡಿಲ್ಲ, ಮಗು ಅತ್ತಿದ್ದನ್ನು ಕೇಳಿಸಿಕೊಂಡಿದ್ದೀರಿ.

ಬಟ್ಟೆ ಕೊಳ್ಳುವಾಗ ಒಂದು ಮಾತು. ಜಯನಗರ ಫೋರ್ತ್ ಬ್ಲಾಕಿನ ಅಂಗಡಿ ಸಾಲಿಗೆ ಭಾನುವಾರ ಸಂಜೆ ಹೋಗಬೇಡಿ, ವಾರದ ಮಧ್ಯಾಹ್ನ ಹೋಗಿ. ಅಂಗಡಿಯವನು ಸ್ಟೂಲಿನ ಮೇಲೆ ನಿಂತು ಅಭ್ಯಾಸಬಲದಿಂದ, "ಹುಡುಗನಿಗಾ, ಹುಡುಗಿಗಾ ಮೇಡಂ?" ಎಂದು ಕೂಗುತ್ತಾನೆ. ಪಕ್ಕದಲ್ಲಿ ನಿಂತ ಮಗುವಿನ ಕೈ ನಿಮ್ಮ ಕೈಯೊಳಗೆ ತಣ್ಣಗಾಗುವುದು ಆಗಲೇ. "ಮೂವತ್ತೆರಡು ಸೈಜಿಂದು ತೋರ್ಸಪ್ಪಾ" ಅನ್ನಿ. ಅವನಿಗೆ ಬೇಕಾದ್ದು ಅಳತೆ, ಅದನ್ನು ಕೊಟ್ಟರೆ ಸಾಕು. ಚಡ್ಡಿ, ಟೀ ಶರ್ಟ್, ಪೈಜಾಮದಿಂದ ಶುರುಮಾಡಿ. ಮನೆಯೊಳಗೆ ಏನು, ಹೊರಗೆ ಏನು, ಮದುವೆಮನೆಗೆ ಏನು ಎಂಬುದನ್ನು ಮಗುವಿನ ಜೊತೆ ಕೂತು ಮಾತಾಡಿ. ಹೊರಗೆ ಬೇಡ ಎಂದು ನೀವು ಹೇಳಿದರೆ ಕಾರಣವನ್ನೂ ಹೇಳಿ: "ನಿನ್ನ ತಪ್ಪಲ್ಲ, ಅಲ್ಲಿನ ಜನರ ಬಗ್ಗೆ ನನಗೆ ಧೈರ್ಯ ಸಾಲದು."

ಹದಿಹರೆಯದ ಮಕ್ಕಳು ಎದೆ ಕಾಣದಿರಲೆಂದು ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್ ಸುತ್ತಿಕೊಳ್ಳುತ್ತಾರೆ. ಇದನ್ನು ಬಿಡಲೇಬಾರದು. ಉಸಿರು ಕಟ್ಟುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಗದರಿಸದೆ ಬಿಚ್ಚಿಸಿ, ಬಿಗಿಯಾದ ಸ್ಪೋರ್ಟ್ಸ್ ಬನಿಯನ್, ದೊಡ್ಡ ಅಳತೆಯ ಶರ್ಟ್ ಕೊಡಿಸಿ. ಆನ್‌ಲೈನಿನಲ್ಲಿ ಹಾರ್ಮೋನ್ ಮಾತ್ರೆ ತರಿಸಿಕೊಳ್ಳುವುದು ಇನ್ನೂ ಅಪಾಯ. ಮಾತ್ರೆಯ ಮಾತು ಡಾಕ್ಟರ ಎದುರಿಗೇ ಆಗಬೇಕು, ಅದೂ ವಯಸ್ಸು ಬಂದ ಮೇಲೆ.

ಶಾಲೆಯಲ್ಲಿ

ನೀರಿನ ಬಾಟಲಿ ನೋಡಿ. ಬೆಳಗ್ಗೆ ತುಂಬಿಸಿಕೊಟ್ಟ ಸ್ಟೀಲ್ ಬಾಟಲಿ ಸಂಜೆ ಅಷ್ಟೇ ಭಾರವಾಗಿ ವಾಪಸ್ ಬರುತ್ತಿದ್ದರೆ ಮಗು ಇಡೀ ದಿನ ಟಾಯ್ಲೆಟ್ಟಿಗೆ ಹೋಗದೇ ಇದ್ದಿರಬಹುದು. ಹುಡುಗರದಕ್ಕೆ ಹೋಗಲು ಭಯ, ಹುಡುಗಿಯರದಕ್ಕೆ ಹೋಗಲು ಬಿಡುವುದಿಲ್ಲ, ಅದಕ್ಕೇ ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಸೋಂಕಿಗೆ ಡಾಕ್ಟರರು ಔಷಧಿ ಬರೆದುಕೊಡುತ್ತಾರೆ, ಬೀಗದ ಕೈ ಬರೆದುಕೊಡಲಾಗದು. ಶಾಲೆಯವರಿಗೆ ಸೂಚನೆ: ಸ್ಟಾಫ್ ಟಾಯ್ಲೆಟ್ಟೋ ಸಿಕ್ ರೂಮಿನದೋ, ಒಂಟಿ ಬಾಗಿಲಿನ ಒಂದು ಟಾಯ್ಲೆಟ್ಟನ್ನು ಕಾರಣ ಕೇಳದೆ ಯಾವ ಮಗುವಿಗಾದರೂ ಬಳಸಲು ಬಿಡಿ. ‘ಯಾವ ಮಗುವಿಗಾದರೂ’ ಅನ್ನುವುದನ್ನು ಮರೆಯಬೇಡಿ. ಒಂದೇ ಮಗುವಿಗೆ ಎಂದು ಕೊಟ್ಟರೆ ಆ ಬಾಗಿಲೇ ಬೋರ್ಡಾಗುತ್ತದೆ.

ಹಾಜರಿಯನ್ನು ರೋಲ್ ನಂಬರಿನಲ್ಲಿ ಕರೆಯಿರಿ. ಹುಡುಗರ ಸಾಲು, ಹುಡುಗಿಯರ ಸಾಲು ಮಾಡುವ ಬದಲು ಎತ್ತರದ ಸಾಲು ಮಾಡಿ. ಪಿ.ಟಿ. ಮೇಷ್ಟ್ರಿಗೆ ಇದನ್ನು ಹೇಳುವ ಕೆಲಸ ಹೆಡ್‌ಮಿಸ್‌ದು, ಮಗುವಿನದಲ್ಲ. ಯಾವ ಮಗುವನ್ನೂ ಎದ್ದು ನಿಲ್ಲಿಸಿ "ಇವರ ಬಗ್ಗೆ ಎಲ್ಲರೂ ಗೌರವದಿಂದ ಇರಬೇಕು" ಎಂದು ಭಾಷಣ ಮಾಡಬಾರದು. ಅಷ್ಟು ಗೌರವ ತಡೆದುಕೊಳ್ಳುವ ಶಕ್ತಿ ಯಾವ ಮಗುವಿಗೂ ಇಲ್ಲ.

ಟೀಚರುಗಳಿಗೆ ನನ್ನದೇ ತಪ್ಪು ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಏಳನೇ ಕ್ಲಾಸಿನ ಪ್ರಬಂಧದ ನೋಟ್‌ಬುಕ್ ತಿದ್ದುತ್ತಿದ್ದೆ. ಒಂದು ಪುಸ್ತಕದ ಬ್ರೌನ್ ಪೇಪರ್ ಬೈಂಡು ಸಡಿಲವಾಗಿತ್ತು. ಮಡಿಸಿ ಸರಿಮಾಡಲು ಹೋದರೆ ಒಳಗಡೆ ಪೆನ್ಸಿಲಿನಲ್ಲಿ ಒಂದು ಹೆಣ್ಣು ಹೆಸರು, ಒಂದರ ಕೆಳಗೊಂದು ಹನ್ನೆರಡು ಸಲ, ಕಾಪಿ ಬರೆದ ಹಾಗೆ ದುಂಡಗೆ. ಪುಸ್ತಕ ಹುಡುಗನದು. ಯಾವುದೋ ಹುಡುಗಿಯ ಹೆಸರು ಬರೆದುಕೊಂಡಿದ್ದಾನೆ ಎಂದುಕೊಂಡು, ಮನೆಯವರಿಗೆ ಗೊತ್ತಿರಲಿ ಎಂದು, ಪೇರೆಂಟ್ಸ್ ಮೀಟಿಂಗಿನಲ್ಲಿ ತಾಯಿಗೆ ತೋರಿಸಿದೆ. ಅವರು ಹೆಸರು ನೋಡಿದರು. ಮುಖ ಬಿಳಿಚಿತು. ಅದು ಇನ್ಯಾವ ಹುಡುಗಿಯದೂ ಅಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಸೋಮವಾರ ಮಗು ತಲೆ ನುಣ್ಣಗೆ ಬೋಳಿಸಿಕೊಂಡು ಬಂತು, ತಿಂಗಳೊಳಗೆ ಟಿ.ಸಿ. ತೆಗೆದುಕೊಂಡು ಹೋಯಿತು. ಬೈಂಡನ್ನು ಮತ್ತೆ ಮಡಿಸಿ ಪುಸ್ತಕ ವಾಪಸ್ ಕೊಟ್ಟಿದ್ದರೆ ಸಾಕಿತ್ತು.

ಆದ್ದರಿಂದ: ಮಗು ಹೇಳಿದ್ದನ್ನು, ನೀವು ಕಂಡಿದ್ದನ್ನು ಮಗುವಿನ ಒಪ್ಪಿಗೆ ಇಲ್ಲದೆ ಮನೆಗೆ ಮುಟ್ಟಿಸಬಾರದು. ಸ್ಟಾಫ್ ರೂಮಿನ ಚಹಾದ ಜೊತೆಗಂತೂ ಬೇಡವೇ ಬೇಡ. ಹಾಗೆಂದು ಶಾಲೆಯಲ್ಲಿ ಒಂದು ಹೆಸರು, ಒಂದು ವೇಷ, ಮನೆಯಲ್ಲಿ ಇನ್ನೊಂದು, ಮನೆಯವರಿಗೆ ಸುಳಿವೇ ಇಲ್ಲ ಎಂಬ ಏರ್ಪಾಡನ್ನು ನೀವೇ ಮುಂದೆ ನಿಂತು ಮಾಡಿಕೊಡುವುದೂ ತಪ್ಪು. ಎರಡು ಮನೆಯ ಗುಟ್ಟು ಹೊರುವಷ್ಟು ಬೆನ್ನು ಮಕ್ಕಳಿಗಿರುವುದಿಲ್ಲ, ಒಂದು ದಿನ ವ್ಯಾನಿನ ಡ್ರೈವರ್ ಬಾಯಿಂದ ಹೊರಬಿದ್ದರೆ ಪೆಟ್ಟು ಬೀಳುವುದು ಮಗುವಿಗೇ. "ಮನೆಯಲ್ಲಿ ಯಾರಿಗೆ ಹೇಳಬಹುದು?" ಎಂದು ಕೇಳಿ. ಒಬ್ಬರ ಹೆಸರು ಬರುತ್ತದೆ, ಬಹಳ ಸಲ ಅದು ಅಜ್ಜಿಯದು. ಯಾರೂ ಇಲ್ಲ, ಹೇಳಿದರೆ ಹೊಡೆಯುತ್ತಾರೆ ಎಂದರೆ ಆ ಮಾತನ್ನು ನಂಬಿ, ಸುಮ್ಮನಿರಿ, ಕೌನ್ಸೆಲರನ್ನು ಸೇರಿಸಿಕೊಳ್ಳಿ. ಪ್ರಾಣದ ಭಯ ಕಂಡರೆ ಮಾತ್ರ ಗುಟ್ಟಿನ ನಿಯಮ ಮುರಿಯಬಹುದು. ಆಗಲೂ ಮಗುವಿಗೆ ಹೇಳಿಯೇ ಮುರಿಯಿರಿ.

ಅಧ್ಯಯನಗಳು ಏನನ್ನುತ್ತವೆ

ಎರಡು ಕಡೆಯವರೂ ನಿಮ್ಮನ್ನು ಹೆದರಿಸುತ್ತಾರೆ. ಒಬ್ಬರು "ಈಗಲೇ ಎಲ್ಲ ಬದಲಿಸದಿದ್ದರೆ ಮಗು ಉಳಿಯಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಒಂದು ಹೆಜ್ಜೆ ಇಟ್ಟರೆ ಮುಗೀತು" ಅನ್ನುತ್ತಾರೆ. ಎರಡನ್ನೂ ನಂಬಬೇಡಿ.

ಅಮೆರಿಕದ ಕ್ರಿಸ್ಟೀನಾ ಓಲ್ಸನ್ ತಂಡ, ಚಿಕ್ಕಂದಿನಲ್ಲೇ ಹೆಸರು, ಉಡುಪು ಬದಲಿಸಿಕೊಂಡ 317 ಮಕ್ಕಳನ್ನು ಸರಾಸರಿ ಐದು ವರ್ಷ ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿತು. ಶೇ. 94ರಷ್ಟು ಮಕ್ಕಳು ತಾವು ಹೇಳಿಕೊಂಡ ಗುರುತಿನಲ್ಲೇ ಇದ್ದರು. ಶೇ. 2.5ರಷ್ಟು ಹುಟ್ಟಿನ ಗುರುತಿಗೆ ಮರಳಿದ್ದರು. ಉಳಿದ ಶೇ. 3.5ರಷ್ಟು ಮಕ್ಕಳು ಗಂಡು, ಹೆಣ್ಣು ಎರಡೂ ಅಲ್ಲ ಎಂದರು. ಆದರೆ ಅವೆಲ್ಲ ಮೊದಲಿನಿಂದಲೂ ಬೆಂಬಲಕ್ಕೆ ನಿಂತ ಮನೆಗಳು. ಅದಕ್ಕೂ ಹಿಂದಿನ, ಕ್ಲಿನಿಕ್ಕುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಬಹುಪಾಲು ಮಕ್ಕಳು ಬೆಳೆಯುತ್ತಾ ಹುಟ್ಟಿನ ಗುರುತಿನಲ್ಲೇ ನೆಲೆಯಾದರು ಎಂದಿತ್ತು. ಅವುಗಳ ಮೇಲಿನ ಆಕ್ಷೇಪ ಏನೆಂದರೆ, ಬರೀ ಗೊಂಬೆ ಆಡುತ್ತಿದ್ದ ಹುಡುಗರನ್ನೂ ಅಲ್ಲಿ ಸೇರಿಸಿ ಎಣಿಸಿದ್ದರು ಎಂಬುದು. ಮೊದಲ ಸೂಚನೆಯಲ್ಲಿ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಂಗ್ಲೆಂಡಿನಲ್ಲಿ ಮಕ್ಕಳ ಡಾಕ್ಟರ್ ಹಿಲರಿ ಕ್ಯಾಸ್ 2024ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ, ಚಿಕ್ಕ ಮಕ್ಕಳ ವಿಷಯದಲ್ಲಿ ಈ ಬದಲಾವಣೆಯನ್ನು ಏನೂ ಆಗದ ಸಂಗತಿಯೆಂದು ಭಾವಿಸಬೇಡಿ, ಬೇಗ ತಜ್ಞರನ್ನು ಕಾಣಿ, ದಾರಿಗಳನ್ನು ತೆರೆದಿಡಿ ಎಂದಿತು. ಆ ವರದಿಗೂ ಟೀಕೆಗಳು ಬಂದವು. ನನ್ನ ತೀರ್ಮಾನ ಇದು: ಏನಾದರೂ ಮಾಡಿದರೆ ಪರಿಣಾಮ ಇದೆ ಎಂಬುದು ನಿಜ. ಏನೂ ಮಾಡದೆ, ದಿನಕ್ಕೆ ನೂರು ಸಲ ಮಗು ಬೇಡವೆಂದ ಹೆಸರಿನಿಂದಲೇ ಕರೆಯುವುದಕ್ಕೂ ಪರಿಣಾಮ ಇದೆ. ಸುಮ್ಮನಿದ್ದವರು ಏನೂ ಮಾಡಿಲ್ಲ ಎಂದುಕೊಳ್ಳಬಾರದು.

ಹುಲಿಗಿಗೆ ಕರೆದೊಯ್ದ ದಾರಿ

ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರು ತಮ್ಮ ಬಾಲ್ಯದ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ಹದಿನೈದರ ಆಸುಪಾಸಿನಲ್ಲಿ ತಾನು ಹೆಣ್ಣು ಎಂದ ಮಗುವನ್ನು ಮನೆಯವರು ಹೊಸಪೇಟೆ ಹತ್ತಿರದ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿ ಜೋಗತಿ ಮಾಡಿಸಿದರು. ಆಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ವಿಷ ಕುಡಿದರು, ಬದುಕಿಕೊಂಡರು, ಭಿಕ್ಷೆ ಬೇಡಿದರು, ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿಯ ಫೋಟೊ ತೋರಿಸಿ "ನೋಡು, ನೀನೂ ಹೀಗಾಗಬಹುದು" ಎಂದು ಮಗುವಿಗೆ ಹೇಳುವವರು ನಡುವಿನ ಸಾಲನ್ನೂ ಓದಿ. ನಮ್ಮ ನಾಡಿಗೆ ಇಂಥ ಮಕ್ಕಳು ಹೊಸಬರಲ್ಲ. ಅವರಿಗೊಂದು ಹೆಸರು, ಒಂದು ಸೀರೆ, ಒಬ್ಬ ದೇವಿ ಎಲ್ಲ ಇತ್ತು. ಇರದೇ ಇದ್ದದ್ದು ಮನೆಗೆ ಹಿಂತಿರುಗುವ ಬಾಗಿಲು. ಆದ್ದರಿಂದ ಬಿಡಿಸುವುದಕ್ಕೆಂದು ಪೂಜೆ, ತಾಯತ ಮಾಡಿಸಬೇಡಿ. ಕಟ್ಟಿಹಾಕುವುದಕ್ಕೆಂದು ಹರಕೆಯನ್ನೂ ಮಾಡಿಸಬೇಡಿ. ಮಗುವಿಗೆ ಇಷ್ಟವಿಲ್ಲದಿದ್ದರೆ ಉಪನಯನ ಮುಂದೂಡಿ, ದೊಡ್ಡವಳಾದ ಆರತಿ ಬಿಟ್ಟುಬಿಡಿ. ಛತ್ರದ ಅಡ್ವಾನ್ಸ್ ಹೋದರೆ ಹೋಗಲಿ.

ಬೆಂಗಳೂರಿನಲ್ಲೇ ಬೆಳೆದ ಟ್ರಾನ್ಸ್ ಮಹಿಳೆ ಅಕ್ಕೈ ಪದ್ಮಶಾಲಿಯವರ, ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದ ಎ. ರೇವತಿಯವರ ಜೀವನಕಥೆಗಳನ್ನು ದೊಡ್ಡವರು ಓದಿ. ಹತ್ತು ವರ್ಷದ ಮಗುವಿನ ಕೈಗೆ ಮಾತ್ರ ಕೊಡಬೇಡಿ, ಅವರು ಪಟ್ಟ ಪಾಡು ಆ ವಯಸ್ಸಿಗೆ ಭಾರ.

ಕಾನೂನು, ಡಾಕ್ಟರು, ಕಾಗದ

ಬೇಗ ಹೇಳಿ ಮುಗಿಸುತ್ತೇನೆ. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಮಾಡಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಯಾವ ಮಗುವನ್ನೂ ಕೋರ್ಟಿನ ಆದೇಶವಿಲ್ಲದೆ ತಂದೆತಾಯಿಯಿಂದ ಬೇರೆ ಮಾಡುವಂತಿಲ್ಲ ಎಂದಿತು. ಅಪ್ರಾಪ್ತರ ಪರವಾಗಿ ಗುರುತಿನ ಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕುವ ಕೆಲಸವನ್ನು ತಂದೆತಾಯಿ ಅಥವಾ ಪೋಷಕರಿಗೆ ಕೊಟ್ಟಿತು. ಆದರೆ ಅರ್ಜಿಗೆ ಅವಸರ ಬೇಡ. ಕಾಗದ ಕೊನೆಗೆ. ಹೋಗಲೇಬೇಕಾದ ದಿನ, ಅವತ್ತು ಜಾರಿಯಲ್ಲಿರುವ ನಿಯಮವನ್ನು ವಕೀಲರ ಬಾಯಲ್ಲಿ ಕೇಳಿಕೊಂಡೇ ಹೋಗಿ. ಫಾರ್ವರ್ಡ್ ಆಗಿ ಬಂದ ಪಿ.ಡಿ.ಎಫ್. ನಂಬಬೇಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರು ಆಮೇಲೆ ತಿದ್ದಿಸುವುದು ಅಲೆದಾಟ ಎಂಬುದು ನಿಜ. ಅದಕ್ಕಾಗಿ ಎಂಟನೇ ಕ್ಲಾಸಿನ ಹೊತ್ತಿಗೆ ಒಮ್ಮೆ ಮಾತಾಡಿ. ತೀರ್ಮಾನ ಆಗದಿದ್ದರೆ ಇದ್ದ ಹೆಸರಲ್ಲೇ ಪರೀಕ್ಷೆ ಬರೆಯಲಿ, ಅಲೆದಾಟ ಆಮೇಲೆ ನಾವು ಅಲೆದರಾಯಿತು.

"ಸರಿಮಾಡಿಕೊಡ್ತೀನಿ" ಅನ್ನುವ ಡಾಕ್ಟರು, ಸ್ವಾಮೀಜಿ, ಕೌನ್ಸೆಲರು ಯಾರೇ ಆಗಲಿ, ಕುರ್ಚಿಯಿಂದ ಎದ್ದು ಬನ್ನಿ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್‌ನಲ್ಲಿ ಇಂಥ ‘ಚಿಕಿತ್ಸೆ’ಯ ವಿರುದ್ಧ ಆದೇಶ ಕೊಟ್ಟರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ 2022ರ ಜನವರಿ 1ರಿಂದ ಹುಟ್ಟಿನ ಗುರುತು ತನ್ನದಲ್ಲ ಅನ್ನಿಸುವುದು ಮಾನಸಿಕ ಕಾಯಿಲೆಯ ಅಧ್ಯಾಯದಲ್ಲಿಲ್ಲ.

ಹಾಗಿದ್ದರೆ ಡಾಕ್ಟರ ಹತ್ತಿರ ಏಕೆ? ಮಗುವಿನ ದುಃಖಕ್ಕಾಗಿ, ನಿದ್ದೆಗಾಗಿ, ನಿಮ್ಮ ಗಾಬರಿಗಾಗಿ. ನಮ್ಮ ಕಡೆಯವರ ಪುಣ್ಯ, ಹೊಸೂರು ರಸ್ತೆಯ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಹರೆಯ ಶುರುವಾಗುವ ಮುಂಚೆಯೇ ಒಮ್ಮೆ ಹೋಗಿ. ದನಿ ಒಡೆಯುವುದು, ಮುಟ್ಟಾಗುವುದು ಇಂಥ ಮಕ್ಕಳಿಗೆ ಬಹಳ ಕಷ್ಟದ ಕಾಲ. ಕೈ ಕೊಯ್ದುಕೊಂಡ ಗುರುತು, "ನಾನಿಲ್ಲದಿದ್ರೆ ನಿಮಗೇ ಒಳ್ಳೇದು" ಎಂಬ ಮಾತು ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ. ರಾತ್ರಿ ಹೊತ್ತು ಯಾರೊಡನೆಯಾದರೂ ಮಾತಾಡಬೇಕೆಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಇದ್ದರೆ ಮಕ್ಕಳ ಸಹಾಯವಾಣಿ 1098.

ಅಕ್ಕಪಕ್ಕದವರು, ನೆಂಟರು

ಲಿಫ್ಟಿನಲ್ಲಿ ಮಗುವನ್ನು ಕೇಳಬೇಡಿ. ಸೆಕ್ಯೂರಿಟಿಯವರನ್ನು ಕೇಳಬೇಡಿ. ಮನೆಗೆಲಸದವರನ್ನಂತೂ ಕೇಳಲೇಬೇಡಿ. ನಿಮ್ಮ ಮಕ್ಕಳು ಕೇಳಿದರೆ, "ಆ ಹೆಸರಲ್ಲಿ ಕರೆದರೆ ಇಷ್ಟವಂತೆ, ಹಾಗೇ ಕರಿ" ಎಂದು ಹೇಳಿ. ಮಕ್ಕಳಿಗೆ ಅಷ್ಟು ಸಾಕು, ಅವು ಶಟಲ್ ಆಡಲು ಹೊರಟುಹೋಗುತ್ತವೆ. ಅಮೆರಿಕದಿಂದ ವಿಡಿಯೋ ಕಾಲ್ ಮಾಡುವ ಚಿಕ್ಕಪ್ಪ, ಎಚ್ಚರಿಕೆ ಹೇಳುವವರಾಗಲಿ, ಹುರಿದುಂಬಿಸುವವರಾಗಲಿ, ಮಗುವನ್ನು ಕ್ಯಾಮೆರಾ ಮುಂದೆ ಕರೆಸಿ ಮಾತಾಡಿಸುವುದು ಬೇಡ.

ಮಗು ಹಿಂತಿರುಗಿದರೆ

ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಹಳೇ ಹೆಸರೇ ಇರ್ಲಿ" ಅನ್ನಬಹುದು. ಮೊದಲ ದಿನ ಯಾವ ಮುಖದಲ್ಲಿ ಕೇಳಿಸಿಕೊಂಡಿರೋ ಅದೇ ಮುಖದಲ್ಲಿ ಕೇಳಿಸಿಕೊಳ್ಳಿ. "ನಾನು ಆಗಲೇ ಹೇಳಿರ್ಲಿಲ್ವಾ" ಅನ್ನಬೇಡಿ. ಬೆಂಬಲಕ್ಕೆ ನಿಂತಿದ್ದವರು ನಿರಾಸೆಯಾದಂತೆ ಮುಖ ಸಪ್ಪೆ ಮಾಡಬೇಡಿ, ಯಾರಾದರೂ ಹೆದರಿಸಿದರಾ ಎಂದು ಮೆಲ್ಲಗೆ ಒಮ್ಮೆ ಕೇಳಿ, ಅಷ್ಟೆ. ಬಟ್ಟೆಗಳನ್ನು ಬೀರುವಿನಲ್ಲೇ ಇಡಿ. ಆರು ತಿಂಗಳಾದ ಮೇಲೆ ಮತ್ತೆ ಬೇಕು ಅಂದರೂ ಕಳ್ಳನನ್ನು ನೋಡಿದಂತೆ ನೋಡಬೇಡಿ.

ಹಿಂತಿರುಗದೆಯೂ ಇರಬಹುದು. ಆಗ ಮದುವೆಯ ಆಲ್ಬಮ್, ವಂಶವೃಕ್ಷ, ತಾತನ ಉಯಿಲು ಇತ್ಯಾದಿ ನಿಮ್ಮ ಚಿಂತೆಗಳನ್ನು ನಿಮ್ಮ ವಯಸ್ಸಿನವರ ಹತ್ತಿರ ಹೇಳಿಕೊಳ್ಳಿ, ಮಗುವಿನ ಹತ್ತಿರ ಬೇಡ.

ಈ ಹಾಳೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಬೇಡಿ. ಮಾತಾಡಬೇಕೆಂದರೆ ಶನಿವಾರ ನಾಲ್ಕರಿಂದ ಆರರವರೆಗೆ ಓದುಕೂಟದ ಒಳಗಿನ ಕೋಣೆಯಲ್ಲಿ ನಾನಿರುತ್ತೇನೆ. ಮೊದಲ ಸಲ ಮಗುವನ್ನು ಕರೆತರಬೇಡಿ, ನೀವೊಬ್ಬರೇ ಬನ್ನಿ. ಯಾರ ಹೆಸರನ್ನೂ ಹೇಳಬೇಕಾಗಿಲ್ಲ.